ತೆಂಗಿನ ನಾರಿನಿಂದ ಬಣ್ಣದ ನೀರು ತಿಳಿಗೊಳಿಸುವುದು ಹೇಗೆ: ನಾರು ಹದ ಮಾಡುವುದರಿಂದ ಕೊಳವೆ ಕಟ್ಟುವವರೆಗೆ ಸಮಗ್ರ ಮಾರ್ಗದರ್ಶಿ

ಬಟ್ಟೆಗೋ ನಾರಿನ ಚಾಪೆಗೋ ಬಣ್ಣ ಹಾಕಿದ ಮೇಲೆ ಉಳಿಯುವ ತೊಳೆ ನೀರನ್ನು ಚರಂಡಿಗೆ ಬಿಟ್ಟರೆ ಅದು ಕೊನೆಗೆ ಕೆರೆಯನ್ನೋ ಯಗಚಿಯನ್ನೋ ಹೇಮಾವತಿಯನ್ನೋ ಸೇರುತ್ತದೆ. ಲೀಟರಿಗೆ ಒಂದೆರಡು ಮಿಲಿಗ್ರಾಂ ಬಣ್ಣವಿದ್ದರೂ ಕಣ್ಣಿಗೆ ಕಾಣುತ್ತದೆ. ಬಿಸಿಲು ನೀರಿನೊಳಕ್ಕೆ ಇಳಿಯುವುದಿಲ್ಲ, ಪಾಚಿ ಮೀನುಗಳಿಗೆ ಕುತ್ತು. ಮಲಕೈಟ್ ಗ್ರೀನ್‌ನಂಥ ಕೆಲವು ಬಣ್ಣಗಳಂತೂ ನೇರವಾಗಿ ವಿಷ. ಇನ್ನೊಂದು ಕಡೆ ಅರಸೀಕೆರೆ, ಚನ್ನರಾಯಪಟ್ಟಣದ ತೋಟಗಳಲ್ಲಿ ತೆಂಗಿನಕಾಯಿ ಸಿಪ್ಪೆ ರಾಶಿಗಟ್ಟಲೆ ಬಿದ್ದಿರುತ್ತದೆ. ಆ ಸಿಪ್ಪೆಯ ನಾರನ್ನು ಸರಿಯಾಗಿ ಹದ ಮಾಡಿದರೆ ಅದು ಬಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹದ ಮಾಡಿದ ನಾರನ್ನು ಪೈಪಿನಲ್ಲಿ ತುಂಬಿ ಅದರ ಮೂಲಕ ಬಣ್ಣದ ನೀರು ಹರಿಸಬೇಕು, ಆ ಪೈಪೇ ಇಲ್ಲಿ ಹೇಳುವ ಕೊಳವೆ.

ಈ ಕೆಲಸ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಬಣ್ಣ ಯಾವ ಜಾತಿಯದು ಎಂದು ನೋಡದೆ ನಾರು ಹದ ಮಾಡುವುದು. ನೀರಿನಲ್ಲಿ ಕರಗಿದಾಗ ಕೆಲವು ಬಣ್ಣಗಳು ಧನ ವಿದ್ಯುದಂಶ ಹೊರುತ್ತವೆ, ಕೆಲವು ಋಣ ವಿದ್ಯುದಂಶ. ಹದ ಮಾಡದ ನಾರಿನ ಮೈ ಸಾಮಾನ್ಯ ನೀರಿನಲ್ಲಿ ಋಣವಾಗಿರುತ್ತದೆ. ಆದ್ದರಿಂದ ಧನ ಬಣ್ಣವನ್ನು ತಾನಾಗಿಯೇ ಎಳೆದುಕೊಳ್ಳುತ್ತದೆ, ಋಣ ಬಣ್ಣವನ್ನು ದೂರ ತಳ್ಳುತ್ತದೆ. ಮೆಥಿಲೀನ್ ಬ್ಲೂ ಎಂಬ ಧನ ಬಣ್ಣದಲ್ಲಿ ಅದ್ಭುತವಾಗಿ ಕೆಲಸ ಮಾಡಿದ ನಾರು ಬಟ್ಟೆಯ ರಿಯಾಕ್ಟಿವ್ ಕೆಂಪು ಎಂಬ ಋಣ ಬಣ್ಣದಲ್ಲಿ ದಿನವಿಡೀ ನೆನೆದರೂ ನೀರು ಹಾಗೇ ಇರುವುದು ಇದಕ್ಕೇ.

ಮೊದಲು ಬಣ್ಣದ ಜಾತಿ ನೋಡಿ

ಡಬ್ಬಿಯ ಮೇಲೆ ‘ಬೇಸಿಕ್’ ಎಂದಿದ್ದರೆ ಧನ ಬಣ್ಣ. ಮೆಥಿಲೀನ್ ಬ್ಲೂ, ಮಲಕೈಟ್ ಗ್ರೀನ್, ಕ್ರಿಸ್ಟಲ್ ವಯಲೆಟ್ ಈ ಗುಂಪಿನವು. ನಾರಿನ ಚಾಪೆ, ಹಗ್ಗಗಳಿಗೆ ಹಾಕುವ ಗಾಢ ಬಣ್ಣಗಳಲ್ಲೂ ಬೇಸಿಕ್ ಬಣ್ಣಗಳಿರುತ್ತವೆ. ‘ಆಸಿಡ್’, ‘ಡೈರೆಕ್ಟ್’, ‘ರಿಯಾಕ್ಟಿವ್’ ಎಂದಿದ್ದರೆ ಋಣ ಬಣ್ಣ. ಹತ್ತಿ ಬಟ್ಟೆಗೆ ಬಳಸುವುದು ಬಹುಪಾಲು ಡೈರೆಕ್ಟ್ ಇಲ್ಲವೇ ರಿಯಾಕ್ಟಿವ್. ‘ಡಿಸ್ಪರ್ಸ್’ ಬಣ್ಣ ಮತ್ತು ನೀಲಿ ಇಂಡಿಗೊ ನೀರಿನಲ್ಲಿ ಸರಿಯಾಗಿ ಕರಗುವುದೇ ಇಲ್ಲ, ಸಣ್ಣ ಕಣಗಳಾಗಿ ತೇಲುತ್ತವೆ. ಅವಕ್ಕೆ ಈ ವಿಧಾನ ಬೇಡ. ಪಟಿಕ ಹಾಕಿ ಕೆಳಗೆ ಕೂರಿಸಿ ಸೋಸುವುದೇ ಮೇಲು.

ಡಬ್ಬಿಯ ಚೀಟಿ ಹರಿದುಹೋಗಿದ್ದರೆ ಹೆಣಿಗೆಗೆ ಮಾರುವ ಬಿಳಿ ಅಕ್ರಿಲಿಕ್ ಉಲ್ಲನ್ ದಾರ ಒಂದು ಗೇಣು, ಬಿಳಿ ಹತ್ತಿ ದಾರ ಒಂದು ಗೇಣು ತಂದು ಎರಡನ್ನೂ ಒಂದೇ ಲೋಟ ಬಣ್ಣದ ನೀರಿಗೆ ಹಾಕಿ, ಕುದಿಯ ಹತ್ತಿರದ ಬಿಸಿಯಲ್ಲಿ ಹತ್ತು ನಿಮಿಷ ಇಡಿ. ಆಮೇಲೆ ಸೋಪಿನಿಂದ ತೊಳೆಯಿರಿ. ಅಕ್ರಿಲಿಕ್ ದಾರ ಗಾಢವಾಗಿ ಬಣ್ಣ ಹಿಡಿದು ಹತ್ತಿ ಬಿಟ್ಟುಕೊಟ್ಟರೆ ಅದು ಧನ ಬಣ್ಣ. ಹತ್ತಿಯಲ್ಲಿ ಉಳಿದು ಅಕ್ರಿಲಿಕ್ ಬಿಳಿಯಾಗಿಯೇ ಇದ್ದರೆ ಋಣ ಬಣ್ಣ.

ಬೇಕಾದ ಸಾಮಾನು

ಒಣಗಿದ ನಾರು 500 ಗ್ರಾಂ. ಕಾಸ್ಟಿಕ್ ಸೋಡಾ ಸುಮಾರು ಅರ್ಧ ಕೆಜಿ. ಧನ ಬಣ್ಣಕ್ಕಾದರೆ ಸಿಟ್ರಿಕ್ ಆಮ್ಲ, ಅಂದರೆ ಅಂಗಡಿಯ ನಿಂಬೆ ಉಪ್ಪು, 200 ಗ್ರಾಂ. ಋಣ ಬಣ್ಣಕ್ಕಾದರೆ ನಿಂಬೆ ಉಪ್ಪಿನ ಜೊತೆಗೆ ಸೀಟೈಲ್ ಟ್ರೈಮೀಥೈಲ್ ಅಮೋನಿಯಂ ಬ್ರೋಮೈಡ್ 60 ಗ್ರಾಂ. ಈ ಬ್ರೋಮೈಡ್ ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಸಿಟಿಎಬಿ ಎಂಬ ಹೆಸರಲ್ಲಿ ಸಿಗುತ್ತದೆ. ಪ್ಲಾಸ್ಟಿಕ್ ಬಕೆಟ್ ಮೂರು, ನೀರಿನ ಹುಳಿ-ಕ್ಷಾರ ತೋರಿಸುವ ಪಿಎಚ್ ಕಾಗದ (7 ಎಂದರೆ ಎರಡೂ ಅಲ್ಲ, ಕೆಳಗೆ ಹುಳಿ, ಮೇಲೆ ಕ್ಷಾರ), 0.01 ಗ್ರಾಂವರೆಗೆ ತೂಗುವ ಸಣ್ಣ ತಕ್ಕಡಿ, ಉಷ್ಣತೆ ಹೊಂದಿಸಬಹುದಾದ ಓಟಿಜಿ ಓವನ್, ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ. ಅಲ್ಯೂಮಿನಿಯಂ ಪಾತ್ರೆ ಮಾತ್ರ ಹತ್ತಿರಕ್ಕೂ ತರಬೇಡಿ. ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ.

ಒಮ್ಮೆ ಅಡುಗೆಯಿಂದ ಹೊರಗೆ ಬಂದ ಓವನ್, ಲೋಟ, ಚಮಚ ಮತ್ತೆ ಅಡುಗೆಮನೆಗೆ ಹೋಗಬಾರದು.

ನಾರು ಆರಿಸುವುದು, ತೊಳೆಯುವುದು

ಉಂಡೆ ಕೊಬ್ಬರಿಗಾಗಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯ ಸಿಪ್ಪೆ ಇದಕ್ಕೆ ಹೇಳಿ ಮಾಡಿಸಿದ್ದು. ಬಲಿತ ಕಾಯಿ, ಒಣ ಸಿಪ್ಪೆ, ಕಂದು ನಾರು. ಎಳನೀರಿನ ಸಿಪ್ಪೆಯಲ್ಲಿ ಅಂಟು ಜಾಸ್ತಿ, ತೊಳೆದು ಸಾಕಾಗುತ್ತದೆ. ನಾರಿನ ಕಾರ್ಖಾನೆಯಿಂದ ತರುವುದಾದರೆ ಎಣ್ಣೆ ತಾಗದ, ಬಣ್ಣ ಹಾಕದ ನಾರು ಕೇಳಿ.

ಮಲೆನಾಡಿನ ಕಡೆಯವರು ಅಡಿಕೆ ಸಿಪ್ಪೆಯ ನಾರನ್ನೂ ಬಳಸಬಹುದು. ಆದರೆ ಅದು ಚೊಗರು ಬಿಡುತ್ತದೆ. ಅಡಿಕೆ ಬೇಯಿಸುವ ಹಂಡೆಯಲ್ಲಿ ಕಾಣುವ ಅದೇ ಕೆಂಗಂದು ಟ್ಯಾನಿನ್. ಅದಕ್ಕೆ ಬಿಸಿನೀರಿನ ತೊಳೆತ ಎರಡು ಸಲ ಹೆಚ್ಚು ಬೇಕು. ಕಾಫಿ ಹೊಟ್ಟು ಹಿಡಿಯುವ ಶಕ್ತಿಯಲ್ಲಿ ಕಡಿಮೆಯೇನಲ್ಲ, ಆದರೆ ಕೊಳವೆಯಲ್ಲಿ ಒತ್ತೊತ್ತಾಗಿ ಕೂತು ನೀರು ಕಟ್ಟಿಬಿಡುತ್ತದೆ. ಬಕೆಟ್ಟಿನ ಬಣ್ಣದ ನೀರಿನಲ್ಲಿ ನೆನೆಸಿ ಸೋಸುವುದಕ್ಕೆ ಮಾತ್ರ ಇಟ್ಟುಕೊಳ್ಳಿ.

ನಾರನ್ನು ಒಂದು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ. ಉದ್ದ ಬಿಟ್ಟರೆ ಸುತ್ತಿಕೊಂಡು ಗಂಟಾಗುತ್ತದೆ, ನಡುವೆ ಪೊಳ್ಳು ಉಳಿಯುತ್ತದೆ. ಪುಡಿಯನ್ನು ಜರಡಿ ಹಿಡಿದು ತೆಗೆಯಿರಿ. ಪುಡಿಯೇನೋ ಬಣ್ಣವನ್ನು ಬೇಗ ಹಿಡಿಯುತ್ತದೆ, ಆದರೆ ಆಮೇಲೆ ನೀರಿನಿಂದ ಅದನ್ನು ಬೇರೆ ಮಾಡುವುದೇ ದೊಡ್ಡ ಕೆಲಸವಾಗುತ್ತದೆ. 10 ಲೀಟರ್ ನೀರಿನಲ್ಲಿ ಅರ್ಧ ಗಂಟೆ ಕುದಿಸಿ, ಬಸಿದು, ತಣ್ಣೀರಿನಲ್ಲಿ ಮೂರು ಸಲ ಜಾಲಿಸಿ.

ಕಾಸ್ಟಿಕ್ ಹದ: ಎರಡೂ ಬಗೆಯ ಬಣ್ಣಕ್ಕೆ

10 ಲೀಟರ್ ತಣ್ಣೀರಿಗೆ 400 ಗ್ರಾಂ ಕಾಸ್ಟಿಕ್ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಕೋಲಿನಿಂದ ಕಲಕಿ. ನೀರಿಗೆ ಕಾಸ್ಟಿಕ್ ಹಾಕಬೇಕು. ಕಾಸ್ಟಿಕ್ ಮೇಲೆ ನೀರು ಸುರಿದರೆ ಸಿಡಿಯುತ್ತದೆ. ನೀರು ಬಿಸಿಯಾಗುವುದು ಸಹಜ, ಆರಲು ಬಿಡಿ. ಆಮೇಲೆ ನಾರು ಮುಳುಗಿಸಿ ಒಂದೂವರೆ ಗಂಟೆ ಇಟ್ಟು, ಹತ್ತು ನಿಮಿಷಕ್ಕೊಮ್ಮೆ ಮಗುಚಿ.

ಐದು ನಿಮಿಷದೊಳಗೆ ನೀರು ಚಹಾ ಬಣ್ಣಕ್ಕೆ ತಿರುಗಿ, ಅರ್ಧ ಗಂಟೆಯಲ್ಲಿ ಗಟ್ಟಿ ಕಾಫಿ ಡಿಕಾಕ್ಷನ್‌ನಂತೆ ಕಪ್ಪಗಾಗುತ್ತದೆ. ನಾರಿನ ಮೇಣ, ಪೆಕ್ಟಿನ್, ಟ್ಯಾನಿನ್, ಸ್ವಲ್ಪ ಲಿಗ್ನಿನ್ ಕರಗಿ ಹೊರಬರುವುದರ ಗುರುತು ಅದು. ಬೆರಳಲ್ಲಿ ಉಜ್ಜಿದರೆ ಮೊದಲು ನುಣುಪಾಗಿದ್ದ ಎಳೆ ಈಗ ತರಿತರಿಯಾಗಿರುತ್ತದೆ. ಆ ತರಿಯಲ್ಲೇ ಮುಂದಿನ ಹದ ಕೂರುವುದು. ರಾತ್ರಿಯಿಡೀ ನೆನೆಸಿದರೆ ಇನ್ನೂ ಒಳ್ಳೆಯದಾದೀತೆಂದು ಬಿಡಬೇಡಿ. ನಾರು ಬಲ ಕಳೆದುಕೊಂಡು ಪುಡಿಯಾಗುತ್ತದೆ.

ಬಸಿದ ಕಪ್ಪು ದ್ರವವನ್ನು ಚೆಲ್ಲದೆ ಒಂದು ಕ್ಯಾನಿನಲ್ಲಿ ಇಡಿ. ನಾರನ್ನು ಆರೇಳು ಸಲ ತೊಳೆಯಬೇಕಾಗುತ್ತದೆ. ಕೊನೆಯದಕ್ಕಿಂತ ಹಿಂದಿನ ನೀರಿಗೆ ಲೀಟರಿಗೆ ಎರಡು ಚಮಚದಂತೆ ವಿನೆಗರ್ ಹಾಕಿದರೆ ಎಳೆಯೊಳಗೆ ಉಳಿದ ಕಾಸ್ಟಿಕ್ ಹೊರಬರುತ್ತದೆ. ತೊಳೆದ ನೀರಿನ ಪಿಎಚ್ 7ರ ಆಸುಪಾಸಿಗೆ ಬಂದರೆ ಸಾಕು. ಅರಸೀಕೆರೆ ಕಡೆಯಂಥ ಬಯಲುಸೀಮೆಯ ಬೋರ್‌ವೆಲ್ ನೀರು ಗಡಸಾಗಿದ್ದರೆ ಕೊನೆಯ ಎರಡು ತೊಳೆತಕ್ಕೆ ಮಳೆನೀರು ಬಳಸಿ. ಗಡಸು ನೀರಿನ ಕ್ಯಾಲ್ಸಿಯಂ ಬಣ್ಣ ಕೂರಬೇಕಾದ ಜಾಗವನ್ನು ಮೊದಲೇ ಹಿಡಿದುಬಿಡುತ್ತದೆ. ಒಣಗಿಸಿ ತೂಗಿ. ತೂಕ ಇಳಿದಿರುತ್ತದೆ, ಅದು ಸರಿಯೇ.

ಧನ ಬಣ್ಣಕ್ಕೆ: ನಿಂಬೆ ಉಪ್ಪಿನ ಹದ

ಒಂದೂವರೆ ಲೀಟರ್ ನೀರಿನಲ್ಲಿ 190 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ. ಕಾಸ್ಟಿಕ್ ಹದ ಮುಗಿಸಿದ ಒಣ ನಾರು 200 ಗ್ರಾಂ ಅದರಲ್ಲಿ ಅದ್ದಿ, ಎಲ್ಲ ಎಳೆಯೂ ನೆನೆಯುವಂತೆ ಹಿಚುಕಿ, ಎರಡು ಗಂಟೆ ಬಿಡಿ. ಉಳಿದ ನೀರು ಬಸಿದು ನಾರನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ. ಬಿಸಿಲಿನಲ್ಲಿ ಎರಡು ದಿನ, ಇಲ್ಲವೇ ಓವನ್‌ನಲ್ಲಿ 60 ಡಿಗ್ರಿಯಲ್ಲಿ, ಮುಟ್ಟಿದರೆ ಗರಿಗರಿ ಎನ್ನುವವರೆಗೆ ಒಣಗಿಸಿ. ಮೂಡಿಗೆರೆ, ಕೊಪ್ಪದಂಥ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲನ್ನು ನಂಬಿ ಈ ಕೆಲಸಕ್ಕೆ ಕೈಹಾಕಬೇಡಿ. ಅರೆ ಒಣಗಿದ ನಾರಿಗೆ ಬೂಷ್ಟು ಬರುತ್ತದೆ.

ಒಣಗಿದ ಮೇಲೆ 120 ಡಿಗ್ರಿಯಲ್ಲಿ 90 ನಿಮಿಷ ಕಾಯಿಸಿ, ಕಾಲು ಗಂಟೆಗೊಮ್ಮೆ ಮಗುಚಿ. ಇಡೀ ವಿಧಾನದ ಜೀವ ಇಲ್ಲಿದೆ. ಈ ಬಿಸಿಯಲ್ಲಿ ಸಿಟ್ರಿಕ್ ಆಮ್ಲ ನೀರಿನಂಶ ಕಳೆದುಕೊಂಡು ನಾರಿನ ಸೆಲ್ಯುಲೋಸ್‌ಗೆ ಎಸ್ಟರ್ ಬಂಧದಿಂದ ಅಂಟುತ್ತದೆ. ಅಂಟಿದ ಮೇಲೂ ಅದರಲ್ಲಿ ಬಿಡುವಾಗಿ ಉಳಿಯುವ ಕಾರ್ಬಾಕ್ಸಿಲ್ ಗುಂಪುಗಳೇ ಬಣ್ಣ ಹಿಡಿಯುವ ಕೈಗಳು. ಪ್ರೆಷರ್ ಕುಕ್ಕರ್ ಒಳಗೂ 120 ಡಿಗ್ರಿ ಬರುತ್ತದಲ್ಲ ಎಂದು ಅದರಲ್ಲಿ ಇಟ್ಟರೆ ಕೆಲಸವಾಗದು. ಅಲ್ಲಿ ತುಂಬಿರುವುದು ಹಬೆ. ನೀರು ಹೊರಹೋದರೆ ಮಾತ್ರ ಈ ಬಂಧ ಕೂಡುತ್ತದೆ. ಅದೇ ಕಾರಣಕ್ಕೆ ಒದ್ದೆ ನಾರನ್ನು ನೇರ ಓವನ್‌ಗೆ ಹಾಕಿದರೂ ಹದ ಕೂರುವುದಿಲ್ಲ. 140 ಡಿಗ್ರಿ ದಾಟಿದರೆ ಉಳಿದ ಕೈಗಳೂ ಪಕ್ಕದ ಎಳೆಗೆ ಅಂಟಿಕೊಂಡು ಬಣ್ಣಕ್ಕೆ ಜಾಗ ಕಡಿಮೆಯಾಗುತ್ತದೆ. ತಿಳಿ ಕಂದು ಬಣ್ಣ ಬಂದರೆ ಸರಿ. ಸೀದ ಸಕ್ಕರೆಯ ವಾಸನೆ ಬಂದು ಕಪ್ಪಗಾದರೆ ಆ ತಟ್ಟೆಯ ನಾರು ಬಿಟ್ಟುಬಿಡಿ.

ತೊಳೆದ ನೀರಿನ ಹುಳಿ ಹೋಗಿ ಪಿಎಚ್ ಮಾಮೂಲಿಗೆ ಬರುವವರೆಗೆ ಬೆಚ್ಚಗಿನ ನೀರಿನಲ್ಲಿ ತೊಳೆದು, ಒಣಗಿಸಿ ತೂಗಿ. ತೂಕ 200 ಗ್ರಾಂನಿಂದ ಏರಿರಬೇಕು. ಏರದಿದ್ದರೆ ಆಮ್ಲ ಅಂಟಿಲ್ಲ, ತೊಳೆತದಲ್ಲಿ ಹೊರಟುಹೋಗಿದೆ ಎಂದರ್ಥ. ಏರಿದ್ದರೆ 4 ಲೀಟರ್ ತಣ್ಣೀರಿಗೆ 16 ಗ್ರಾಂ ಕಾಸ್ಟಿಕ್ ಕರಗಿಸಿ, ನಾರನ್ನು ಅದರಲ್ಲಿ 20 ನಿಮಿಷ ಮಾತ್ರ ಅದ್ದಿ, ಪಿಎಚ್ 7ರ ಹತ್ತಿರ ಬರುವವರೆಗೆ ತೊಳೆಯಿರಿ. ಇದರಿಂದ ಕಾರ್ಬಾಕ್ಸಿಲ್‌ಗಳು ಸೋಡಿಯಂ ರೂಪಕ್ಕೆ ಬಂದು ಬಣ್ಣ ಹಿಡಿಯಲು ಸಿದ್ಧವಾಗುತ್ತವೆ. ಈ ಸಲ ಕಾಸ್ಟಿಕ್ ಬಿಸಿಯಾಗಿದ್ದರೆ, ಗಟ್ಟಿಯಾಗಿದ್ದರೆ ಅಥವಾ ಹೊತ್ತು ಹೆಚ್ಚಾದರೆ ಕಷ್ಟಪಟ್ಟು ಕೂಡಿಸಿದ ಎಸ್ಟರ್ ಬಂಧವೇ ಕಡಿದುಹೋಗುತ್ತದೆ.

ಬಸಿದು ಉಳಿದ ನಿಂಬೆ ಉಪ್ಪಿನ ನೀರನ್ನು ಮೊದಲೇ ಎತ್ತಿಟ್ಟ ಕಪ್ಪು ಕಾಸ್ಟಿಕ್ ದ್ರವಕ್ಕೆ ನಿಧಾನವಾಗಿ ಸೇರಿಸಿ ಪಿಎಚ್ 7ಕ್ಕೆ ತನ್ನಿ. ಅದೊಂದೇ ಸಾಲದು, ಇನ್ನಷ್ಟು ನಿಂಬೆ ಉಪ್ಪು ಹಾಕಬೇಕಾಗುತ್ತದೆ. ಎರಡು ಕಸ ಒಂದನ್ನೊಂದು ಹದಕ್ಕೆ ತರುತ್ತವೆ.

ಋಣ ಬಣ್ಣಕ್ಕೆ: ಸಿಟಿಎಬಿ ಹದ

ಸಿಟಿಎಬಿ ಸೋಪಿನ ಜಾತಿಯ ವಸ್ತು. ತಲೆ ಧನ, ಬಾಲ ಎಣ್ಣೆಯ ಗುಣದ್ದು. ತಲೆ ಋಣವಾದ ನಾರಿಗೆ ಅಂಟುತ್ತದೆ. ಆ ಬಾಲಗಳಿಗೆ ಇನ್ನೊಂದು ಸಾಲಿನ ಬಾಲಗಳು ಜೋಡಿಕೊಂಡು ಅವುಗಳ ತಲೆ ಹೊರಮುಖವಾಗುತ್ತದೆ. ಹೀಗೆ ನಾರಿನ ಮೈಯೇ ಧನವಾಗಿ ರಿಯಾಕ್ಟಿವ್, ಡೈರೆಕ್ಟ್ ಬಣ್ಣಗಳನ್ನು ಎಳೆದುಕೊಳ್ಳುತ್ತದೆ.

4 ಲೀಟರ್ ನೀರಿಗೆ 60 ಗ್ರಾಂ ಸಿಟಿಎಬಿ, ಕಾಸ್ಟಿಕ್ ಹದದ ನಾರು 200 ಗ್ರಾಂ. ಐದು ಗಂಟೆ, ಆಗಾಗ ಮಗುಚುತ್ತ. ನೀರು 35ರಿಂದ 40 ಡಿಗ್ರಿ ಬೆಚ್ಚಗಿರಲೇಬೇಕು. ಸುಮಾರು 25 ಡಿಗ್ರಿಗಿಂತ ಕೆಳಗೆ ಇದು ಬಿಳಿ ಹರಳಾಗಿ ತಳ ಸೇರುತ್ತದೆ. ಚಿಕ್ಕಮಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಬಕೆಟ್ ತಳದಲ್ಲಿ ಮೊಸರಿನಂತೆ ಕಂಡರೆ ಗಾಬರಿ ಬೇಡ, ಬೆಚ್ಚಗೆ ಮಾಡಿದರೆ ಕರಗುತ್ತದೆ. ಪುಡಿ ತೂಗುವಾಗ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ, ಮೂಗು ಕಣ್ಣು ಉರಿಸುತ್ತದೆ.

ಆಮೇಲಿನ ತೊಳೆತದಲ್ಲಿ ಅವಸರ ಸಲ್ಲದು. ಸಡಿಲವಾಗಿ ಉಳಿದ ಸಿಟಿಎಬಿ ನೀರಿಗೆ ಇಳಿದರೆ ಮೀನಿಗೆ ಬಣ್ಣಕ್ಕಿಂತ ಕೆಟ್ಟದ್ದು. ತೊಳೆದ ನೀರನ್ನು ಅರ್ಧ ಬಾಟಲಿ ತುಂಬಿ ಜೋರಾಗಿ ಕುಲುಕಿ, ಹತ್ತು ಎಣಿಸಿ. ನೊರೆ ನಿಂತಿದ್ದರೆ ಮತ್ತೆ ತೊಳೆಯಿರಿ. ಆ ತೊಳೆ ನೀರುಗಳನ್ನೂ ಚೆಲ್ಲಬೇಡಿ. ನಿಂಬೆ ಉಪ್ಪಿನ ಹದದ ನಾರಿನಲ್ಲಿ ಒಂದು ಹಿಡಿ ತೆಗೆದು ಆ ನೀರಿಗೆ ಹಾಕಿ ಒಂದು ದಿನ ಇಡಿ. ಸಿಟಿಎಬಿ ಧನವಾದ್ದರಿಂದ ಆ ನಾರು ಅದನ್ನೂ ಹಿಡಿಯುತ್ತದೆ. ಮತ್ತೆ ಬಾಟಲಿ ಕುಲುಕಿ ನೋಡಿ. ನೊರೆ ಏಳುತ್ತಿದ್ದರೆ ಇನ್ನೊಂದು ಹಿಡಿ ಹಾಕಿ. ಹದ ಮಾಡಿದ ನಾರನ್ನು 60 ಡಿಗ್ರಿ ಮೀರದಂತೆ ಒಣಗಿಸಿ.

ಲೋಟದ ಪರೀಕ್ಷೆ

ಕೊಳವೆ ಕಟ್ಟುವ ಮೊದಲು ನಿಮ್ಮ ನಾರಿನ ಗ್ರಾಂ ಒಂದಕ್ಕೆ ಎಷ್ಟು ಬಣ್ಣ ಹಿಡಿಯುತ್ತದೆ ಎಂದು ತಿಳಿಯಬೇಕು. ಬೇರೆಯವರ ಅಂಕಿ ನಂಬಿ ಅಳತೆ ಹಾಕಬೇಡಿ. ಸಿಪ್ಪೆ, ನೀರು, ಓವನ್ ಎಲ್ಲ ಬೇರೆ.

1 ಗ್ರಾಂ ಬಣ್ಣ 1 ಲೀಟರ್ ನೀರಿಗೆ. ಅದರಲ್ಲಿ 50 ಮಿಲಿಲೀಟರ್ ತೆಗೆದು ಮತ್ತೆ 1 ಲೀಟರ್ ಮಾಡಿದರೆ ಲೀಟರಿಗೆ 50 ಮಿಲಿಗ್ರಾಂನ ನೀರು ಸಿದ್ಧ. ನಾಲ್ಕು ಗಾಜಿನ ಲೋಟಗಳಲ್ಲಿ 200 ಮಿಲಿಲೀಟರ್‌ನಂತೆ ತುಂಬಿದರೆ ಪ್ರತಿ ಲೋಟದಲ್ಲೂ 10 ಮಿಲಿಗ್ರಾಂ ಬಣ್ಣ. ಅವಕ್ಕೆ ಕ್ರಮವಾಗಿ 0.25, 0.5, 1, 2 ಗ್ರಾಂ ನಾರು. ಐದನೆಯ ಲೋಟದಲ್ಲಿ ಬಣ್ಣದ ನೀರು ಮಾತ್ರ. ಆರನೆಯದರಲ್ಲಿ ಬರೀ ನೀರು ಮತ್ತು 1 ಗ್ರಾಂ ನಾರು, ನಾರೇ ಕಂದು ಬಿಡುತ್ತಿದೆಯೇ ಎಂದು ನೋಡಲು. ಎರಡು ಗಂಟೆ ಆಗಾಗ ಕಲಕಿ.

ಅಳೆಯಲು ಯಂತ್ರವೇ ಬೇಕೆಂದಿಲ್ಲ. ಮೂಲ ಬಣ್ಣದ ನೀರನ್ನು ಅರ್ಧ, ಮತ್ತೆ ಅರ್ಧ ಎಂದು ತೆಳುವಾಗಿಸುತ್ತ ಶೇ. 100, 50, 25, 12, 6, 3ರ ಸಾಲು ಮಾಡಿ, ಬಿಳಿ ಹಾಳೆಯ ಮೇಲಿಟ್ಟು ಮೇಲಿನಿಂದ ಇಳಿನೋಟದಲ್ಲಿ ಹೋಲಿಸಿ. 1 ಗ್ರಾಂ ನಾರಿನ ಲೋಟ ಶೇ. 6ರ ಬಣ್ಣಕ್ಕೆ ಹೊಂದಿದರೆ 10ರಲ್ಲಿ 9.4 ಮಿಲಿಗ್ರಾಂ ನಾರಿಗೆ ಹೋಗಿದೆ. ಹತ್ತಿರದ ಕಾಲೇಜಿನ ಲ್ಯಾಬಿನಲ್ಲಿ ನೀರು ಎಷ್ಟು ಬೆಳಕು ಹೀರುತ್ತದೆಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಸಿಕ್ಕರೆ ಮೆಥಿಲೀನ್ ಬ್ಲೂಗೆ 664 ನ್ಯಾನೋಮೀಟರ್ ಅಲೆಯುದ್ದದ ಬೆಳಕಿನಲ್ಲಿ ಓದಿ.

ಪಿಎಚ್ ಕೂಡ ನೋಡಿಕೊಳ್ಳಿ. ನಿಂಬೆ ಉಪ್ಪಿನ ನಾರಿಗೆ 6ರಿಂದ 8 ಸರಿ. 4ಕ್ಕಿಂತ ಇಳಿದರೆ ಹೈಡ್ರೋಜನ್ ಅಯಾನುಗಳೇ ಬಣ್ಣದ ಜಾಗ ಹಿಡಿಯುತ್ತವೆ. ರಿಯಾಕ್ಟಿವ್ ಬಣ್ಣದ ನೀರು ಬಣ್ಣ ಕೂರಿಸಲು ಹಾಕುವ ಸೋಡಾ ಬೂದಿಯಿಂದಾಗಿ (ವಾಷಿಂಗ್ ಸೋಡಾ ಜಾತಿಯ ಕ್ಷಾರ) 10, 11ರಲ್ಲಿರುತ್ತದೆ. ಸಿಟಿಎಬಿ ನಾರಿಗೆ ಬಿಡುವ ಮೊದಲು ನಿಂಬೆ ಉಪ್ಪಿನಿಂದ 6ಕ್ಕೆ ಇಳಿಸಿ, ನೊರೆಗುಟ್ಟುತ್ತ ಅನಿಲ ಹೊರಡುತ್ತದೆ, ಅಗಲ ಬಾಯಿಯ ಪಾತ್ರೆಯಿರಲಿ.

ಇಲ್ಲೊಂದು ಮೋಸವಿದೆ. ಮಲಕೈಟ್ ಗ್ರೀನ್ ಕ್ಷಾರದಲ್ಲಿ ತಾನಾಗಿಯೇ ಬಣ್ಣ ಕಳೆದುಕೊಳ್ಳುತ್ತದೆ, ಕ್ರಿಸ್ಟಲ್ ವಯಲೆಟ್ ಕೂಡ ನಿಧಾನವಾಗಿ. ನಾರಿನಲ್ಲಿ ಕಾಸ್ಟಿಕ್ ಉಳಿದಿದ್ದರೆ ನೀರು ಸ್ಫಟಿಕದಂತೆ ತಿಳಿಯಾಗಿ, ನಾರು ಗೆದ್ದಿತೆಂದು ಕಾಣುತ್ತದೆ. ನಿಜದಲ್ಲಿ ಬಣ್ಣ ನೀರಿನಲ್ಲೇ ಬೇರೆ ರೂಪದಲ್ಲಿದೆ. ತಿಳಿಯಾದ ನೀರು ಸ್ವಲ್ಪ ತೆಗೆದು ಕೆಲವು ಹನಿ ವಿನೆಗರ್ ಹಾಕಿ ಒಂದು ಗಂಟೆ ಇಡಿ. ಹಸಿರು ಮರಳಿದರೆ ನಾರು ಮತ್ತೆ ತೊಳೆಯಬೇಕು.

ಕೊಳವೆ ಕಟ್ಟುವುದು

ಮೂರು ಇಂಚಿನ ಪಿವಿಸಿ ಪೈಪು, 75 ಸೆಂಟಿಮೀಟರ್ ಉದ್ದ. ಕೆಳಗಿನ ಮುಚ್ಚಳಕ್ಕೆ ನೀರು ಬರುವ ನಳಿಕೆ, ಮೇಲಿನದಕ್ಕೆ ಹೊರಹೋಗುವ ನಳಿಕೆ. ಎರಡೂ ತುದಿಗೆ ಸೊಳ್ಳೆ ಪರದೆಯ ನೈಲಾನ್ ಬಲೆ ಎರಡು ಪದರ, ಕೆಳಗೆ ಎರಡು ಇಂಚು ತೊಳೆದ ಸಣ್ಣ ಬೆಣಚು ಕಲ್ಲು. ನಾರನ್ನು ಮೊದಲೇ ಒಂದು ಗಂಟೆ ನೆನೆಸಿ, ಕೊಳವೆಯಲ್ಲಿ ನೀರು ತುಂಬಿಕೊಂಡೇ ಹಿಡಿ ಹಿಡಿಯಾಗಿ ಇಳಿಸಿ ಕೋಲಿನಿಂದ ಮೆಲ್ಲಗೆ ಒತ್ತಿ. ಒಣ ನಾರು ತುಂಬಿ ಆಮೇಲೆ ನೀರು ಬಿಟ್ಟರೆ ಗಾಳಿ ಗುಳ್ಳೆ ಸಿಕ್ಕಿಕೊಂಡು, ನೀರು ಅದರ ಪಕ್ಕದಲ್ಲೇ ದಾರಿ ಮಾಡಿಕೊಂಡು ಬಣ್ಣದೊಂದಿಗೇ ಹೊರಬರುತ್ತದೆ. 200 ಗ್ರಾಂ ನಾರು ಸುಮಾರು ಅರ್ಧ ಮೀಟರ್ ಎತ್ತರಕ್ಕೆ, ಎರಡು ಲೀಟರ್ ಜಾಗಕ್ಕೆ ಬರಬೇಕು. ಮೇಲೆ ಖಾಲಿ ಉಳಿದ ಜಾಗಕ್ಕೂ ಬೆಣಚು ತುಂಬಿ, ಇಲ್ಲದಿದ್ದರೆ ನಾರು ತೇಲಿ ಸಡಿಲವಾಗುತ್ತದೆ.

ಬಣ್ಣದ ನೀರಿನ ಡ್ರಮ್ಮನ್ನು ಎತ್ತರದಲ್ಲಿಟ್ಟು ಕೆಳಗಿನಿಂದ ಮೇಲಕ್ಕೆ ಹರಿಸಿ. ಹೀಗೆ ಮಾಡಿದರೆ ನಾರು ಪೂರ್ತಿ ಮುಳುಗಿರುತ್ತದೆ, ಅಡ್ಡದಾರಿ ಬೀಳುವುದು ಕಡಿಮೆ. ಹರಿವು ನಿಮಿಷಕ್ಕೆ 100 ಮಿಲಿಲೀಟರ್, ಅಂದರೆ ಗಂಟೆಗೆ 6 ಲೀಟರ್. ಆಗ ನೀರಿಗೆ 20 ನಿಮಿಷದ ಸಂಪರ್ಕ ಸಿಗುತ್ತದೆ. ನಲ್ಲಿ ತಿರುಗಿಸಿ, ಅಳತೆ ಲೋಟ ಹಿಡಿದು ಒಂದು ನಿಮಿಷ ಎಣಿಸಿಯೇ ಹೊಂದಿಸಿ, ಅಂದಾಜು ಬೇಡ.

ಲೋಟದಲ್ಲಿ ಗ್ರಾಂಗೆ 20 ಮಿಲಿಗ್ರಾಂ ಹಿಡಿದರೆ ಕೊಳವೆಯಲ್ಲಿ ಅರ್ಧ, 10 ಎಂದಿಟ್ಟುಕೊಳ್ಳಿ. 200 ಗ್ರಾಂ ನಾರಿಗೆ 2,000 ಮಿಲಿಗ್ರಾಂ ಆಯಿತು. ಲೀಟರಿಗೆ 50 ಮಿಲಿಗ್ರಾಂ ಇರುವ ನೀರು 40 ಲೀಟರ್. ಹೊರಬರುವ ನೀರನ್ನು ಐದು ಲೀಟರಿಗೊಮ್ಮೆ ಹೋಲಿಕೆಯ ಸಾಲಿನ ಪಕ್ಕ ಹಿಡಿದು, ಶೇ. 6 ಮುಟ್ಟಿದಾಗ ನಿಲ್ಲಿಸಿ ನಾರು ಬದಲಿಸಿ.

ಬಣ್ಣ ಅದ್ದುವ ಗಾಢ ದ್ರಾವಣವನ್ನೇ ನೇರ ಕೊಳವೆಗೆ ಬಿಡುವುದು ದುಡ್ಡು ಹಾಳು. ಲೀಟರಿಗೆ 1 ಗ್ರಾಂ ಬಣ್ಣವಿರುವ 20 ಲೀಟರಿಗೆ ಇದೇ ಲೆಕ್ಕದಲ್ಲಿ ಎರಡು ಕೆಜಿ ನಾರು ಬೇಕು. ಅದನ್ನು ಬೇರೆ ಇಟ್ಟುಕೊಂಡು, ಡೈರೆಕ್ಟ್ ಮತ್ತು ಬೇಸಿಕ್ ಬಣ್ಣಗಳಾದರೆ ಕಡಿಮೆಯಾದಷ್ಟು ಬಣ್ಣ ಸೇರಿಸಿ ಮುಂದಿನ ಸರದಿಗೆ ಬಳಸಿ. ಕೊಳವೆಗೆ ತಕ್ಕುದು ಜಾಲಿಸಿದ ತೆಳು ನೀರು.

ಕೆಟ್ಟಾಗ ಎಲ್ಲಿ ನೋಡಬೇಕು

ಮೊದಲ ಲೀಟರೇ ಬಣ್ಣದೊಂದಿಗೆ ಬಂದರೆ ಅಡ್ಡದಾರಿ ಬಿದ್ದಿದೆ, ಬಿಚ್ಚಿ ನೀರೊಳಗೆ ಮತ್ತೆ ತುಂಬಿ. ಕಂದು ನೀರು ಬಂದರೆ ಕಾಸ್ಟಿಕ್ ನಂತರದ ತೊಳೆತ ಸಾಲದು. ಲೋಟದಲ್ಲಿ ಚೆನ್ನಾಗಿ ಹಿಡಿದು ನಿಜವಾದ ತೊಳೆ ನೀರಿನಲ್ಲಿ ಸೋತರೆ ಉಪ್ಪು, ಸೋಪು ಇಲ್ಲವೇ ಗಡಸು ನೀರು ಕಾರಣ. ಪರೀಕ್ಷೆಯನ್ನು ಆ ನೀರಿನಲ್ಲೇ ಮತ್ತೆ ಮಾಡಿ ಅಂಕಿ ತೆಗೆಯಿರಿ. ಹರಿವು ಕುಗ್ಗುತ್ತ ಹೋದರೆ ಬಟ್ಟೆಯ ಎಳೆಗಳು ಬಲೆ ಕಟ್ಟಿವೆ, ಡ್ರಮ್ಮಿನ ಬಾಯಿಗೆ ಹಳೆಯ ಬಟ್ಟೆಯ ಸೋಸು ಕಟ್ಟಿ. ವಾರಗಟ್ಟಲೆ ಒದ್ದೆ ನಿಂತ ಕೊಳವೆ ಕೊಳೆತ ವಾಸನೆ ಬರುತ್ತದೆ. ಬಳಸದ ದಿನಗಳಲ್ಲಿ ಬಸಿದು ನಾರು ಒಣಗಿಸಿಡಿ.

ಹೊರಬಂದ ನೀರು, ಬಣ್ಣ ತುಂಬಿದ ನಾರು

ಬಣ್ಣ ಹೋದ ನೀರು ಶುದ್ಧ ನೀರಲ್ಲ. ರಿಯಾಕ್ಟಿವ್ ಬಣ್ಣಕ್ಕೆ ಹಾಕಿದ ಉಪ್ಪು ಹಾಗೆಯೇ ಅದರಲ್ಲಿರುತ್ತದೆ, ನಾರು ಅದನ್ನು ಮುಟ್ಟುವುದಿಲ್ಲ. ಕುಡಿಯಲು, ದನಕ್ಕೆ, ತೆಂಗಿನ ಬುಡಕ್ಕೆ, ಕಾಫಿ ಗಿಡಕ್ಕೆ ಯಾವುದಕ್ಕೂ ಬೇಡ. ಮುಂದಿನ ಬಟ್ಟೆಯ ಮೊದಲ ಜಾಲಿಕೆಗೆ, ಬಕೆಟ್ ತೊಳೆಯಲು ಬಳಸಿ. ಬಣ್ಣದ ಘಟಕವಾಗಿ ನಡೆಸುವವರಾದರೆ 1974ರ ಜಲ ಕಾಯ್ದೆಯಡಿ ನೀರು ಹೊರಬಿಡಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. ಈ ಕೊಳವೆ ಇದೆಯೆಂದು ಅದರಿಂದ ವಿನಾಯಿತಿ ಸಿಗುವುದಿಲ್ಲ.

ನಿಂಬೆ ಉಪ್ಪಿನ ನಾರಿನಿಂದ ಬಣ್ಣವನ್ನು ಆಮ್ಲದಲ್ಲಿ ಬಿಡಿಸಿ ನಾರನ್ನು ಮರುಬಳಕೆ ಮಾಡಲು ಬರುತ್ತದೆ. ಆದರೆ ಹಾಗೆ ಮಾಡಿದರೆ ಕೈಯಲ್ಲಿ ಮತ್ತೆ ಗಾಢ ಬಣ್ಣದ ಆಮ್ಲ ಉಳಿಯುತ್ತದೆ. ನಾರು ಅಗ್ಗವಾಗಿ ಸಿಗುವ ನಮ್ಮ ಸೀಮೆಯಲ್ಲಿ ಅದಕ್ಕಿಂತ ಹೊಸ ನಾರು ಹಾಕುವುದೇ ಸರಿ. ಬಣ್ಣ ತುಂಬಿದ ನಾರನ್ನು ತಿಪ್ಪೆಗೆ ಹಾಕಬೇಡಿ, ಗಿಡದ ಬುಡಕ್ಕೆ ಮುಚ್ಚಿಗೆ ಮಾಡಬೇಡಿ, ದನದ ಕೊಟ್ಟಿಗೆಯಲ್ಲಿ ಹಾಸಬೇಡಿ. ಮಳೆ ಬಿದ್ದರೆ, ಗಂಜಲದ ಉಪ್ಪು ತಾಗಿದರೆ ಬಣ್ಣ ಮತ್ತೆ ಇಳಿಯುತ್ತದೆ. ನೀರೊಲೆಗೂ ಹಾಕಬೇಡಿ, ಹೊಗೆಯಲ್ಲಿ ಬರುವುದು ಉಸಿರಿಗೆ ಒಳ್ಳೆಯದಲ್ಲ. ನೆರಳಿನಲ್ಲಿ ಒಣಗಿಸಿ, ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಣ್ಣದ ಹೆಸರು, ತಾರೀಖು, ತೂಕ ಬರೆದು ಮಳೆ ತಾಗದ ಕಡೆ ಇಡಿ. ಘಟಕಗಳು ಅದನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಮಂಡಳಿಯ ಅನುಮತಿ ಪಡೆದ ವಿಲೇವಾರಿದಾರರಿಗೆ ಕೊಡಬೇಕು. ಕಾಲೇಜಿನ ಪ್ರಯೋಗವಾದರೆ ಲ್ಯಾಬಿನ ರಾಸಾಯನಿಕ ತ್ಯಾಜ್ಯದ ಜೊತೆ ಸೇರಿಸಿ.